ಎಡಕ್ಕೆ ಎರಡನೇ ಸಾಲು

ಎಡಕ್ಕೆ ಎರಡನೇ ಸಾಲಿಗೆ ಕೈ ಹಾಕಿದ ಪೋಸ್ಟ್ ತಾತನಿಗೆ ಸಾಬೂನಿನ ಬದಲು ಉಪ್ಪಿನ ಪ್ಯಾಕೆಟ್ ಸಿಕ್ಕಿತು.

"ಏನಪ್ಪಾ, ಇವತ್ತು ಉಪ್ಪು ಹಚ್ಚಿಕೊಂಡು ಸ್ನಾನವಾ?" ಅಂಗಡಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಮಗಳು ಕೇಳಿದಳು.

"ಉಪ್ಪೂ ಬೇಕಿತ್ತು ಕಣೇ. ನಿನ್ನ ಅಡುಗೆ ಉಣ್ಣೋನಿಗೆ ಗೊತ್ತು ಅದರ ಕಷ್ಟ." ತಾತ ಪ್ಯಾಕೆಟನ್ನು ಚೀಲಕ್ಕೆ ಇಳಿಸಿದರು. ಧ್ವನಿ ಗಟ್ಟಿಯಾಗಿತ್ತು, ಕೈ ಮಾತ್ರ ಚೀಲದ ಬಾಯಿಯನ್ನು ಎರಡು ಸಲ ಹುಡುಕಿತು.

ಬೆಳಗ್ಗೆ ಮನೆಯಲ್ಲಿ ಅಪ್ಪ ಮಗಳ ನಡುವೆ ಒಪ್ಪಂದವಾಗಿತ್ತು. ಅಪ್ಪನ ಕಣ್ಣು ಹೋಗಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಮಗಳಿಗೆ ಅನುಮಾನ. "ಸಾಬೂನು, ಟೀ ಪುಡಿ, ರೇಡಿಯೋಗೆ ಎರಡು ಸೆಲ್ಲು. ಯಾರನ್ನೂ ಕೇಳದೆ ನೀನೇ ತೆಗೆದುಕೊಂಡರೆ ಸರಿ. ಇಲ್ಲ ಅಂದ್ರೆ ನಾಳೆಯಿಂದ ಒಬ್ಬನೇ ಹೊಸಿಲು ದಾಟೋ ಹಾಗಿಲ್ಲ," ಎಂದಿದ್ದಳು. ತಾತ ನಕ್ಕು ಒಪ್ಪಿದ್ದರು. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದಗಳನ್ನು ಖಾನೆ ಖಾನೆಗೆ ಹಾಕಿದ ಕೈ ಅದು. ಮನೆಯಿಂದ ನಾಲ್ಕನೇ ಬಾಗಿಲಿನ ಈ ಅಂಗಡಿ ಆ ಕೈಗೆ ಬಾಯಿಪಾಠ.

ತಾತ ಕೈಯಿಂದಲೇ ನೋಡುತ್ತಾರೆಂದು ಅಂಗಡಿಯಮ್ಮನಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ತಾತ ಬಿಸ್ಕತ್ತಿನ ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಓದಿದ್ದರು. ಅಂದಿನಿಂದ ಅಂಗಡಿಯಮ್ಮ ಒಂದು ಡಬ್ಬಿಯನ್ನೂ ಕದಲಿಸಿರಲಿಲ್ಲ. ತಾತ ಬಂದರೆ ಯಾರೂ ಎದ್ದು ಹೋಗಿ ತೆಗೆದುಕೊಡುತ್ತಿರಲಿಲ್ಲ, ಇಲ್ಲಿದೆ ಅಲ್ಲಿದೆ ಎನ್ನುತ್ತಿರಲಿಲ್ಲ. ಸಾಮಾನು ತನ್ನ ಜಾಗದಲ್ಲಿ ಸುಮ್ಮನೆ ಕಾದಿರುತ್ತಿತ್ತು, ಅಷ್ಟೆ. ಈ ಗುಟ್ಟನ್ನು ಎಷ್ಟು ಭದ್ರವಾಗಿ ಇಟ್ಟುಕೊಂಡಿದ್ದರೆಂದರೆ, ಏಳು ತಿಂಗಳ ಹಿಂದೆ ಮನೆಗೆ ಬಂದ ಸೊಸೆಗೂ ಹೇಳಿರಲಿಲ್ಲ. ಇವತ್ತು ಬೆಳಗ್ಗೆ ಅತ್ತೆ ಹಲ್ಲು ಕೀಳಿಸಲು ಹೋಗಿದ್ದ ಎರಡು ಗಂಟೆಯಲ್ಲಿ ಆ ಸೊಸೆ, ಅತ್ತೆ ಬಂದು ಭೇಷ್ ಅನ್ನಲಿ ಎಂದು, ಇಡೀ ಅಂಗಡಿಯನ್ನು ಹೊಸದಾಗಿ ಜೋಡಿಸಿದ್ದಳು.

ಅಂಗಡಿಯಮ್ಮ ಆಗಷ್ಟೇ ಬಂದು ಗಲ್ಲಾದ ಹಿಂದೆ ಕೂತಿದ್ದರು. ಬಾಯಲ್ಲಿ ಹತ್ತಿ, ಬನ್ನಿನಂತೆ ಊದಿದ ಕೆನ್ನೆ, ಮಾತಾಡುವಂತಿರಲಿಲ್ಲ. ಉಪ್ಪು ಚೀಲ ಸೇರಿದ್ದನ್ನು ಕಂಡವರೇ ಸೊಸೆಯ ತೋಳು ಹಿಡಿದು ಜಗ್ಗಿದರು. ತಾತನ ಕಡೆ ಬೆರಳು ತೋರಿಸಿದರು. ಆಮೇಲೆ ಅದೇ ಬೆರಳಿನಿಂದ ತಮ್ಮ ಎರಡೂ ರೆಪ್ಪೆಗಳನ್ನು ಒಂದೊಂದಾಗಿ ಮುಚ್ಚಿದರು.

ಸೊಸೆಯ ಮುಖ ಬಿಳಿಚಿಕೊಂಡಿತು. ಮರುಕ್ಷಣವೇ ಅವಳು ಚಪ್ಪಲಿ ಕಳಚಿ, ನಡುವಿನ ರ‍್ಯಾಕಿನ ಹಿಂದೆ ಬಗ್ಗಿದಳು. ತಾತನ ಕೈ ಮತ್ತೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಲ್ಲೊಂದು ಸಾಬೂನು ಇತ್ತು.

"ಇದೋ, ಸಾಬೂನು. ಟೀ ಪುಡಿ ಯಾವುದು ಬೇಕೇ, ಕೆಂಪು ಪ್ಯಾಕೆಟ್ಟೋ ಹಸಿರೋ?"

"ನಿನಗೆ ಕಂಡಿದ್ದು ತೊಗೋ ಅಪ್ಪಾ."

"ನನಗೆ ಎರಡೂ ಕಾಣ್ತಿದೆ. ಅದಕ್ಕೇ ಕೇಳಿದ್ದು." ತಾತ ಬಲಕ್ಕೆ ತಿರುಗಿ ನಾಲ್ಕು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸೊಸೆ ಟೀ ಪುಡಿಯನ್ನು ಎದೆಗವಚಿಕೊಂಡು ಮೊಣಕಾಲ ಮೇಲೆ ಸರಿಯುತ್ತ ಬಂದಳು. ತಾತನ ಬೆರಳಿಗೂ ಪ್ಯಾಕೆಟ್ಟಿಗೂ ಒಂದು ಗೇಣು ಉಳಿದಿದ್ದಾಗ ತಲೆಯೆತ್ತಿದಳು. ಮಗಳು ನೇರ ಅವಳನ್ನೇ ನೋಡುತ್ತಿದ್ದಳು.

ಸೊಸೆ ಪ್ಯಾಕೆಟ್ ಇಟ್ಟು, ತಪ್ಪು ನನ್ನದು ಎಂಬಂತೆ ಎದೆ ಮುಟ್ಟಿಕೊಂಡಳು. ಮಗಳು ಹುಬ್ಬು ಸಡಿಲಿಸಲಿಲ್ಲ. ಬಾಗಿಲ ಪಕ್ಕದ ಹೊಸ ಬುಟ್ಟಿಯಲ್ಲಿದ್ದ ಸೆಲ್ಲುಗಳಲ್ಲಿ ಎರಡನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಬುಟ್ಟಿಯನ್ನು ತನ್ನ ಕಾಲಿನ ಹಿಂದಕ್ಕೆ ಸರಿಸಿದಳು. ಇನ್ನು ಇದೊಂದೇ ಬಾಕಿ.

ತಾತ ಮೂಲೆಯ ತಗಡಿನ ಡಬ್ಬಿಗೆ ಕೈ ಹಾಕಿದರು. ಡಬ್ಬಿ ಖಾಲಿ. ಬೆರಳುಗಳು ತಳವನ್ನು ಒಂದು ಸುತ್ತು ಬಂದವು. ಮತ್ತೊಂದು ಸುತ್ತು. ಅಂಗಡಿಯಮ್ಮ ಎದ್ದು ನಿಂತರು. ರ‍್ಯಾಕಿನ ಹಿಂದೆ ಸೊಸೆ ಉಸಿರು ಹಿಡಿದಳು.

"ಇಲ್ಲೇ ಇರ್ತಿತ್ತು..." ತಾತ ಅಂದರು. ಮಗಳಿಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಪುಟ್ಟ ಮಕ್ಕಳು ಅಳುವ ಮುಂಚೆ ತಮಗೆ ತಾವೇ ಹೇಳಿಕೊಳ್ಳುವಂತಿತ್ತು. "ತಡಿ, ಇಲ್ಲೇ ಇರ್ತಿತ್ತು..."

ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಪ್ಪನ ಕೈ ಮೂರನೇ ಸಲ ಡಬ್ಬಿಯ ಅಂಚು ದಾಟುವ ಮೊದಲೇ ಎರಡು ಸೆಲ್ಲುಗಳನ್ನು ಸದ್ದಾಗದಂತೆ ಅದರೊಳಗೆ ಮಲಗಿಸಿದಳು.

ತಾತ ಅವನ್ನು ಎತ್ತಿಕೊಂಡರು. ಗೆದ್ದ ನಗು ಮುಖದ ಅರ್ಧಕ್ಕೆ ಬಂದು ನಿಂತಿತು. ಸೆಲ್ಲುಗಳನ್ನು ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿದರು.

"ಇದೇನು, ಬೆಚ್ಚಗಿದೆ?"

ಮಗಳು ಖಾಲಿಯಾದ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದಳು.

"ಬಿಸಿಲು ಬೀಳುತ್ತಲ್ಲ ಅಪ್ಪಾ, ಕಿಟಕಿಯಿಂದ," ಎಂದಳು ಮಗಳು, ಅವರ ತೀರ ಪಕ್ಕದಿಂದ.

ಆ ಮೂಲೆಗೆ ಕಿಟಕಿಯೇ ಇರಲಿಲ್ಲ. ತಾತ ಸೆಲ್ಲುಗಳನ್ನು ಮುಚ್ಚಿ ಹಿಡಿದು, ಗೋಡೆಯ ಕಡೆ ಮುಖವೆತ್ತಿ, ಬಿಸಿಲು ಕಾಯಿಸಿಕೊಳ್ಳುವವರ ಹಾಗೆ ಒಂದು ಗಳಿಗೆ ನಿಂತರು.