ಮೊದಲು ಕಾಕಾನ ಮಾತು

ಓಣಿಯವರ ಫೋನಿನ ಲೈವ್ ವಿಡಿಯೋ ಚರ್ಚೆಯಲ್ಲಿ ಕಬಡ್ಡಿ ಕಲಿಸುವ ಶಿವಲೀಲಾಳ ಸರದಿ ಬಂತು. ಹುಡುಗಿಯರು ಆಡುವ ಬಯಲು ಕಾರುಗಳ ಪಾಲಾಗುವುದೋ ಇಲ್ಲವೋ, ಇವತ್ತೇ ತೀರ್ಮಾನ; ಅಲ್ಲಿ ಕಾರು ನಿಲ್ಲಿಸಬೇಕೆನ್ನುವವನು ಬಸಣ್ಣ. ಚರ್ಚೆಯ ನಿಯಮ ಇಷ್ಟೇ: ಎದುರಿನವರ ಅಹವಾಲನ್ನು ಅವರು ‘ಹೌದು’ ಅನ್ನುವ ಹಾಗೆ ಹೇಳಿದ ಮೇಲಷ್ಟೇ ಫೋನು ನಮ್ಮ ಸ್ವಂತ ಮಾತನ್ನು ಕೇಳಿಸುವುದು.

“ಬಸಣ್ಣ ಕಾಕಾ, ಓಣ್ಯಾಗ ನಿಲ್ಲಿಸಿದ್ರ ನಿಮ್ಮ ಹೊಸಾ ಗಾಡಿಗೆ ಯಾರರ ಗೀರತಾರ, ನಿಮ್ಮ ಜೀವ ಚುರ್ ಅಂತೈತಿ.”

“ಹೌದವಾ, ಖರೇ!”

“ನಮ್ಮ ಹುಡುಗ್ಯಾರಿಗೆ ಬ್ಯಾರೆ ಜಾಗಾ ಇಲ್ರಿ. ಸಂಜೀಕಷ್ಟ ಬಯಲು ಬಿಡ್ರಿ.”

ಬಸಣ್ಣ ಏನೇನೋ ಕೂಗಾಡಿದ; ಅವಳ ಅಹವಾಲು ಹೇಳದ್ದರಿಂದ ಫೋನು ದನಿ ತಡೆಯಿತು, ತುಟಿ ಆಡಿದ್ದಷ್ಟೇ ಕಂಡಿತು. ಓಣಿಯೆಲ್ಲ ನಕ್ಕಿತು. ಕೊನೆಗೆ ಮೆತ್ತಗೆ ಅಂದ: “ಹುಡುಗ್ಯಾರಿಗೆ... ಬ್ಯಾರೆ ಜಾಗಾ ಇಲ್ಲಂತ.”

“ಹೌದ್ರಿ ಕಾಕಾ.”

ಈಗ ಅವನ ದನಿ ಕೇಳಿಸಿತು. “ಸಂಜೀಕ ಗಾಡಿ ಬಾಜೂಕ ಸರಸ್ತೀನಿ. ಆದ್ರ ನಿಮ್ಮ ಚೆಂಡು ಬಡದು ಗಾಡಿ ಗಾಜು ಒಡದ್ರ ನೋಡು!”

“ಕಬಡ್ಡ್ಯಾಗ ಚೆಂಡು ಎಲ್ಲೈತ್ರಿ? ನಾಳೆ ನೋಡಾಕ ಬರ್ರಿ, ಕಾಕಾ.”