ಒಳಗುಂಪಿನ ಹಳೆಯ ಮಾತು

"ಬಾರಮ್ಮ, ಇನ್ನು ನೀನೂ ನಮ್ಮವಳು" ಎಂದು ಬರೆದು, ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಅನುವಾದಕಿ ಅವಳನ್ನು ಒಳಗುಂಪಿಗೆ ಸೇರಿಸಿದರು. ಅನುವಾದಕರ ಆನ್‌ಲೈನ್ ವೇದಿಕೆಯಲ್ಲಿ ಯಾರ ಉತ್ತರ ಮೆಚ್ಚಬೇಕು, ಯಾರಿಗೆ ಕೆಲಸ ಕೊಡಿಸಬೇಕು ಎಂದು ತೀರ್ಮಾನವಾಗುತ್ತಿದ್ದುದು ಈ ಹನ್ನೆರಡು ಜನರ ನಡುವೆಯೇ. ಇದಕ್ಕಾಗಿ ಅವಳು ಮೂರು ವರ್ಷ ಕಾದಿದ್ದಳು. ಹೊಸಬರಿಗೆ ಹಳೆಯ ಮಾತುಗಳೂ ಕಾಣುತ್ತವೆಂದು ಅವರಿಗೆ ಹೊಳೆದಿರಲಿಲ್ಲವೋ ಏನೋ, ಮೇಲಕ್ಕೆ ಸರಿಸುತ್ತಾ ಹೋದಂತೆ ಅವಳಿಗೆ ತನ್ನದೇ ಹೆಸರು ಸಿಕ್ಕಿತು.

"ಇವಳು ಬರೆದಿದ್ದೇನೋ ಸರಿಯಾಗೇ ಇದೆ. ಆದ್ರೆ ಯಾರೂ ಲೈಕ್ ಒತ್ತಬೇಡಿ, ಆಮೇಲೆ ತಲೆ ಮೇಲೆ ಕೂರ್ತಾಳೆ." ದೊಡ್ಡಕ್ಕನದೇ ಮಾತು. ಕೆಳಗೆ ಹನ್ನೊಂದು ನಗುವ ಮುಖಗಳು.

ಅದು ಔಷಧಿ ಚೀಟಿಯೊಂದರ ಅನುವಾದದ ಬಗ್ಗೆ ಅವಳು ಹಿಂದೆ ವೇದಿಕೆಯಲ್ಲಿ ಕೊಟ್ಟಿದ್ದ ಉತ್ತರ. ಯಾರೂ ತುಟಿ ಪಿಟಕ್ಕೆನ್ನದಿದ್ದಾಗ ತಪ್ಪೇ ಇರಬೇಕೆಂದುಕೊಂಡು, ಅಂದಿನಿಂದ ಆಸ್ಪತ್ರೆಯ ಅನುವಾದಗಳನ್ನೇ ಕೈಬಿಟ್ಟಿದ್ದಳು.

"ಯಾಕೇ, ಮುಖ ಬಿಳಿಚಿಕೊಂಡಿದೆ?" ಬಟ್ಟೆ ಮಡಚುತ್ತಿದ್ದ ಅಮ್ಮ ಕೇಳಿದರು.

"ಅವತ್ತು ನಾನು ಬರೆದಿದ್ದು ಸರಿಯಾಗೇ ಇತ್ತಂತೆ, ಅಮ್ಮ."

ಅಷ್ಟರಲ್ಲಿ ಒಳಗುಂಪಿನಲ್ಲಿ ದೊಡ್ಡಕ್ಕನ ಹೊಸ ಸಂದೇಶ ಬಂತು: "ವೇದಿಕೆಗೆ ಮೊನ್ನೆ ಸೇರಿದಳಲ್ಲ, ಆ ಹುಡುಗಿ ಕೋರ್ಟ್ ನೋಟಿಸಿನ ಬಗ್ಗೆ ಏನೋ ಬರೆದಿದ್ದಾಳೆ, ನೋಡಿದ್ರಾ? ಯಾರೂ ಆ ಕಡೆ ತಲೆ ಹಾಕಬೇಡಿ."

ಅವಳು ವೇದಿಕೆಗೆ ಹೋಗಿ ಹುಡುಗಿಯ ಉತ್ತರವನ್ನು ಎರಡು ಸಲ ಓದಿದಳು, ಮೂಲದೊಂದಿಗೆ ಹೋಲಿಸಿದಳು. ಈಗ ಬಾಯಿಬಿಟ್ಟರೆ ಒಳಗುಂಪಿನ ಬಾಗಿಲು ಮತ್ತೆ ಮುಚ್ಚುತ್ತದೆ, ಅದರ ಜೊತೆ ಸಿಗಬೇಕಿದ್ದ ಕೆಲಸವೂ ಹೋಗುತ್ತದೆ. ಆದರೂ ಹುಡುಗಿಯ ಉತ್ತರದಡಿ "ನೀವು ಬರೆದಿರುವುದು ಸರಿಯಾಗಿದೆ" ಎಂದು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.