ಗೂಡಿನ ಲೆಕ್ಕ

"ಈ ಹುಡುಗಿಗೆ ಇನ್ನು ಹೇಗಪ್ಪಾ ಹೇಳಿಕೊಡೋದು?"

ಖಾಲಿ ಕ್ಲಾಸ್‌ರೂಮಿನಲ್ಲಿ ಬೋರ್ಡ್ ಒರೆಸುತ್ತಾ ಅಶ್ವತ್ಥಪ್ಪ ಮೇಷ್ಟ್ರು ಕೇಳಿದರು... ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಏಳನೇ ಕ್ಲಾಸಿನ ಮಕ್ಕಳಿಗೆ ಬೀಜಗಣಿತ ಎಂದರೆ ಚಳಿಜ್ವರ. ಅದಕ್ಕೇ ಮೇಷ್ಟ್ರು ಒಬ್ಬೊಬ್ಬರ ಇಷ್ಟ ಕೇಳಿ, ಅದರಲ್ಲೇ ಲೆಕ್ಕ ಕಟ್ಟುತ್ತಿದ್ದರು.

ಕಬಡ್ಡಿ ಹುಚ್ಚಿನವನಿಗೆ ಎಕ್ಸ್ ಅಂದರೆ ಪಾಯಿಂಟು... ರಂಗೋಲಿ ಹಾಕುವವಳಿಗೆ ಎಕ್ಸ್ ಅಂದರೆ ಚುಕ್ಕಿ.

ಈ ಹುಡುಗಿ ಸುಗುಣಳನ್ನು ಮಾತ್ರ ಕೇಳಿರಲಿಲ್ಲ. ಅವಳ ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಗೂಡೆಂದರೆ ಅವಳಿಗೆ ಪ್ರಾಣ ಇರಬೇಕು ಎಂದುಕೊಂಡು, ಗೂಡಿನ ಲೆಕ್ಕವನ್ನೇ ಕೊಟ್ಟರು.

ಅವಳು ಥಟ್ಟನೆ ಉತ್ತರ ಹೇಳಿದಳು... ಮೇಷ್ಟ್ರು ಹಿಗ್ಗಿ, ಅವಳ ಅಪ್ಪ ವೆಂಕಟರೋಣಪ್ಪನನ್ನು ಕರೆಸಿ ಹೊಗಳಿದರು.

ಅದಾದ ಮೇಲೆ ಹುಡುಗಿ ಕ್ಲಾಸಿನಲ್ಲಿ ತೂಕಡಿಸತೊಡಗಿದಳು. ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಮುಟ್ಟುತ್ತಿರಲಿಲ್ಲ.

ಖಾಲಿ ಕ್ಲಾಸಿನಲ್ಲಿ ಹಾಗೆ ಕೇಳಿಕೊಂಡ ಮರುದಿನ ಮೇಷ್ಟ್ರು ಅವಳ ಬೆಂಚಿನ ಹತ್ತಿರವೇ ಹೋಗಿ ಕೇಳಿದರು. "ನಿಂಗೇನಮ್ಮಾ ಇಷ್ಟ?"

"ನಿದ್ದೆ ಸಾರ್... ಅಪ್ಪ ಕೋಳಿ ಕೂಗೋಕ್ ಮುಂಚೇನೇ ಎಬ್ಬಿಸ್ತಾರೆ."

ಹಿಂದಿನ ಬೆಂಚಿನವನೊಬ್ಬ, "ಹಂಗಾದ್ರೆ ಎಕ್ಸ್ ಅಂದ್ರೆ ಗೊರಕೆ ಸಾರ್" ಎಂದ. ಇಡೀ ಕ್ಲಾಸು ನಕ್ಕಿತು.

ಮೇಷ್ಟ್ರು ನಗಲಿಲ್ಲ. ಅವರ ಕಣ್ಣು ಅವಳ ಬೆರಳುಗಳ ಮೇಲಿತ್ತು. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ತುದಿಯ ಚರ್ಮವೆಲ್ಲ ಸುಲಿದಿತ್ತು.

ಅವರು ಕೈಯಲ್ಲಿದ್ದ ಚಾಕ್‌ಪೀಸನ್ನು ಬೆಂಚಿನ ಮೇಲಿಟ್ಟರು... ಮಗುವಿನ ಸಂಕಟವನ್ನೇ ಅದರ ಸಂತೋಷ ಎಂದುಕೊಂಡು, ಬೋರ್ಡಿನ ಮೇಲೆ ಬರೆದೆನಲ್ಲಾ ದೇವರೇ...

ಅದೇ ಸಂಜೆ ವೆಂಕಟರೋಣಪ್ಪ ಮಗಳನ್ನು ಕರೆದುಕೊಂಡು ಬಂದ. ಸ್ಕೂಲಿನ ಹೆಡ್‌ಮಾಸ್ಟರ್ ಚಾರ್ಜೂ ಮೇಷ್ಟ್ರದೇ.

ಹಬೆ ಕುಡಿದು ಕುಡಿದು ಹೆಂಡತಿಗೆ ಉಬ್ಬಸ ಹತ್ತಿದೆ, ಒಲೆಯ ಮುಂದೆ ಕೂರುವವರಿಲ್ಲ ಎಂದು ಹೇಳಿಕೊಂಡ. ಅದು ಸುಳ್ಳಲ್ಲ. ಅವನ ಕೈಯೂ ಬೆಂದೇ ಇತ್ತು.

"ಗೂಡಿನ ಲೆಕ್ಕ ಎಲ್ಲಾ ಬತ್ತದೆ ಅಂತ ನೀವೇ ಹೇಳಿದ್ರಲ್ಲ ಸಾರ್. ಇನ್ನೇನ್ ಕಲೀಬೇಕು? ಟೀಸಿ ಕೊಟ್ಬಿಡಿ. ಪೂರ್ತಿ ಕೆಲಸಕ್ಕೇ ಕೂರಿಸ್ಕೊಂತೀನಿ."

ಮೇಷ್ಟ್ರಿಗೆ ತಮ್ಮ ಮಾತೇ ತಿರುಗಿ ಬಂದು ಎದೆಗೆ ಬಡಿಯಿತು.

ಬಾಗಿಲಿಗೆ ಒರಗಿದ್ದ ಸುಗುಣ ನಿಂತಲ್ಲೇ ನಿದ್ದೆ ಹೋಗಿದ್ದಳು.

"ಕೊಡಲ್ಲ, ವೆಂಕಟರೋಣಪ್ಪ" ಎಂದರು ಮೇಷ್ಟ್ರು.

.

ಮಕ್ಕಳಿಗೆ ಚೆನ್ನಾಗಿ ಬರುವುದೆಲ್ಲ ಅವರಿಗೆ ಇಷ್ಟವಾದದ್ದಲ್ಲ.

ನಿಮ್ಮ ಮಗುವಿಗೆ ಏನಿಷ್ಟ ಎಂದು ನೀವು ಕೇಳಿ ತಿಳಿದಿದ್ದೀರಾ... ಇಲ್ಲ, ನೀವೇ ಅಂದುಕೊಂಡಿದ್ದೀರಾ?